ಪಂಚತಾರಾ ಹೋಟೆಲಿನಲ್ಲಿ 17 ವಾರ: ಅಳಿಯನ ಲಾಗ್ ಬುಕ್‌ನಿಂದ ನಾವು ಕಲಿತ ಪಾಠ



ನಮ್ಮ ಸಂಘದ ಈ ಪತ್ರಿಕೆಯಲ್ಲಿ ಲೈಸೆನ್ಸ್, ಗ್ಯಾಸ್ ದರ, ಜಿಎಸ್‌ಟಿ ಇವುಗಳ ಬಗ್ಗೆ ಬಲ್ಲವರು ಬರೆಯುತ್ತಾರೆ. ನಾವು ಎಸ್ಸೆಸ್ಸೆಲ್ಸಿ ಮುಗಿಸಿ 1988ರಲ್ಲಿ ಉಡುಪಿಯಿಂದ ಮುಂಬಯಿ ಬಸ್ಸು ಹತ್ತಿದವರು. ಬರವಣಿಗೆ ನಮ್ಮ ಕಸುಬಲ್ಲ. ಆದರೂ ಈ ಸಲ ಬರೆಯಬೇಕು ಅನ್ನಿಸಿತು. ಅದಕ್ಕೆ ಕಾರಣ ನೀಲಿ ರಟ್ಟಿನ ಒಂದು ಪುಸ್ತಕ. ನಮ್ಮ ಅಕ್ಕನ ಮಗ 2024ರಲ್ಲಿ ಅಂಧೇರಿ ಕಡೆಯ ಒಂದು ಪಂಚತಾರಾ ಹೋಟೆಲಿನಲ್ಲಿ 17 ವಾರ ತರಬೇತಿ ಪಡೆದಾಗ ದಿನವೂ ತುಂಬಿಸಿದ ಲಾಗ್ ಬುಕ್ ಅದು.

ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ಮಕ್ಕಳಿಗೆ ಎರಡನೇ ವರ್ಷದಲ್ಲಿ ಒಂದು ಸೆಮಿಸ್ಟರ್ ತರಗತಿ ಇರುವುದಿಲ್ಲ. ಆ ಅವಧಿಯನ್ನು ಯಾವುದಾದರೂ ದೊಡ್ಡ ಹೋಟೆಲಿನಲ್ಲಿ ಕೆಲಸ ಮಾಡಿ ಕಳೆಯಬೇಕು, ಅದಕ್ಕೆ ಅಂಕಗಳೂ ಉಂಟು. ಇದಕ್ಕೆ ಇಂಡಸ್ಟ್ರಿಯಲ್ ಟ್ರೈನಿಂಗ್ ಎಂದು ಹೆಸರು. ಹುಡುಗರ ಬಾಯಲ್ಲಿ ಬರೀ ಐ.ಟಿ. ಅಕ್ಕ ಊರಿನಿಂದ ಫೋನ್ ಮಾಡಿ, "ಮಗ ಐ.ಟಿ.ಗೆ ಮುಂಬಯಿಗೆ ಬರುತ್ತಾನೆ, ನಿನ್ನ ಮನೆಯಲ್ಲೇ ಇರಲಿ" ಎಂದಾಗ ನಾವು ಹೋಟೆಲ್ ಓದು ಬಿಟ್ಟು ಕಂಪ್ಯೂಟರ್ ಹಿಡಿದನೋ ಎಂದು ಗಾಬರಿಪಟ್ಟಿದ್ದೆವು.

ಹುಡುಗ ಜುಲೈ 15ರಂದು ಸೇರಿದ. ಕ್ರಮ ಹೀಗೆ: ಹೌಸ್‌ಕೀಪಿಂಗ್, ಫ್ರಂಟ್ ಆಫೀಸ್, ಸರ್ವಿಸ್, ಅಡುಗೆಮನೆ, ಒಂದೊಂದಕ್ಕೆ ನಾಲ್ಕು ವಾರ. ಕೊನೆಯ ಒಂದು ವಾರ ಅವನಿಗೆ ಬೇಕಾದ ವಿಭಾಗದಲ್ಲಿ. ತಿಂಗಳಿಗೆ 3,000 ರೂಪಾಯಿ ಸ್ಟೈಪೆಂಡ್, ಪಾಳಿಯಲ್ಲಿ ಒಂದು ಊಟ, ಸಮವಸ್ತ್ರ. ಬೆಳಿಗ್ಗೆ 7ರ ಪಾಳಿಗೆ ಹೋಗಲು ಘಾಟ್‌ಕೋಪರಿನಿಂದ ಮೆಟ್ರೋ ಹಿಡಿಯುತ್ತಿದ್ದ.

ಪುಸ್ತಕದ ಪ್ರತಿ ಪುಟದಲ್ಲೂ ಮೂರು ಅಂಕಣಗಳು. ಇಂದು ಮಾಡಿದ ಕೆಲಸ, ಇಂದು ಕಲಿತದ್ದು, ಮೇಲ್ವಿಚಾರಕರ ಸಹಿ. ಒಂದು ವಿಭಾಗ ಮುಗಿದಾಗ ಆ ವಿಭಾಗದ ಮುಖ್ಯಸ್ಥರು ಶಿಸ್ತು, ಹಾಜರಿ, ಆಸಕ್ತಿ ಎಂದು ಅಂಕ ಹಾಕಿ ಕಾಲೇಜಿಗೆ ಕಳಿಸುತ್ತಾರೆ. ಮೊದಮೊದಲು ನಮಗೆ ಇದು ಮಕ್ಕಳಾಟದ ಹಾಗೆ ಕಂಡಿತು. "ಕೆಲಸ ಕಲಿಯುವವ ಕೆಲಸ ಮಾಡಬೇಕು, ಬರೆಯುತ್ತಾ ಕೂತರೆ ದೋಸೆ ಹುಯ್ಯುವುದು ಯಾರು?" ಎಂದು ಹಾಸ್ಯ ಮಾಡಿದ್ದೂ ಉಂಟು.

ಮೊದಲ 12 ವಾರ

ಹೌಸ್‌ಕೀಪಿಂಗ್‌ನಲ್ಲಿ ಒಬ್ಬ ರೂಮ್ ಅಟೆಂಡೆಂಟ್‌ನ ಜೊತೆ ಇವನನ್ನು ಜೋಡಿಸಿದ್ದರು. ಒಂದು ಪಾಳಿಯಲ್ಲಿ 14ರಿಂದ 16 ಕೋಣೆ. ಹಾಸಿಗೆಯ ಚಾದರ ಬಿಗಿಯಾಗಿ ಮಡಚುವುದು, ಸ್ನಾನದ ಮನೆ ಒಣಗಿಸುವುದು, ಸೋಪು ಎಣಿಸುವುದು. ಮೂರನೇ ದಿನ ಬೆನ್ನು ನೋವೆಂದು ನೆಲದ ಮೇಲೆ ಮಲಗಿದ್ದ. ಕಲಿತದ್ದು ಎಂಬ ಅಂಕಣದಲ್ಲಿ ಅವನು ಬರೆದದ್ದು: ಕೋಣೆಯನ್ನು ಬಾಗಿಲಿನಿಂದ ಶುರುಮಾಡಿ ಒಂದೇ ದಿಕ್ಕಿನಲ್ಲಿ ಸುತ್ತುತ್ತಾ ಬಂದರೆ ಯಾವ ಮೂಲೆಯೂ ಬಿಟ್ಟುಹೋಗುವುದಿಲ್ಲ. ಈ ಮಾತನ್ನು ನಾವು ನಮ್ಮ ಹಾಲ್ ಗುಡಿಸುವ ಹುಡುಗನಿಗೆ ಹೇಳಿಕೊಟ್ಟಿದ್ದೇವೆ, ಉಪಯೋಗವಾಗಿದೆ.

ಫ್ರಂಟ್ ಆಫೀಸಿನ ನಾಲ್ಕು ವಾರದಲ್ಲಿ 24 ಪುಟಗಳಿವೆ. ಅವುಗಳಲ್ಲಿ 19 ಪುಟಗಳಲ್ಲಿ ಒಂದೇ ಕೆಲಸ: ಅತಿಥಿಗಳ ಗುರುತಿನ ಚೀಟಿಯ ಜೆರಾಕ್ಸ್ ಮಾಡಿ ಫೈಲಿಗೆ ಹಾಕುವುದು. ಕೌಂಟರಿನ ಹಿಂದೆ ನಿಲ್ಲಲು ಬಿಟ್ಟದ್ದು ಕೊನೆಯ ನಾಲ್ಕೈದು ದಿನ ಮಾತ್ರ. ಕಲಿತದ್ದು ಎಂಬ ಅಂಕಣ ಅಲ್ಲಿ ಬಹುತೇಕ ಖಾಲಿ. ಆದರೂ ಪ್ರತಿ ಪುಟದ ಕೆಳಗೆ ಸಹಿ ಇದೆ. ಇದನ್ನು ಓದುಗರು ಗಮನಿಸಬೇಕು, ಮುಂದೆ ಈ ಮಾತಿಗೆ ಬರುತ್ತೇವೆ.

ಸರ್ವಿಸ್‌ನಲ್ಲಿ ಬೆಳಗಿನ ಬಫೆ. ಚಮಚ ಮುಳ್ಳುಗಳನ್ನು ಬಿಸಿನೀರು, ವಿನೆಗರ್‌ನಲ್ಲಿ ಒರೆಸುವುದು, ತಟ್ಟೆ ಎತ್ತುವುದು. ಅಲ್ಲಿನ ದಕ್ಷಿಣದ ಕೌಂಟರಿನಲ್ಲಿ ಇಡ್ಲಿ ಗಟ್ಟಿ ಎಂದು ದಿನಾ ದೂರುತ್ತಿದ್ದ. ಬೆಳಿಗ್ಗೆ ಮನೆಯಿಂದ ಹೊರಡುವಾಗ, "ಮಾವ, ನಮ್ಮ ಹೋಟೆಲಿನ ಇಡ್ಲಿ ನಾಲ್ಕು ಕಟ್ಟಿಕೊಡಿ, ಅವರಿಗೆ ತೋರಿಸುತ್ತೇನೆ" ಎಂದ. ಕೊಟ್ಟೆವು. ಹೊರಗಿನ ಆಹಾರ ಒಳಗೆ ತರುವಂತಿಲ್ಲ ಎಂದು ಗೇಟಿನಲ್ಲೇ ತಡೆದರಂತೆ. ವಾಚ್‌ಮನ್ ತಿಂದು ಚೆನ್ನಾಗಿದೆ ಎಂದನಂತೆ.

ಅಡುಗೆಮನೆಯ ನಾಲ್ಕು ವಾರ

ಅಕ್ಟೋಬರ್ 7ರಂದು ಅಡುಗೆಮನೆಗೆ ಕಾಲಿಟ್ಟ. ಮೊದಲ ಒಂಬತ್ತು ದಿನ ನೀರುಳ್ಳಿ ಮತ್ತು ಬೆಳ್ಳುಳ್ಳಿ. ದಿನಕ್ಕೆ 40 ಕಿಲೋವರೆಗೆ ನೀರುಳ್ಳಿ ಸುಲಿದಿದ್ದಾನೆ. ನಮಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ನಾವು 1988ರಲ್ಲಿ ಸಂಬಂಧಿಕರ ಹೋಟೆಲಿಗೆ ಬಂದಾಗ ಮೊದಲ ಎರಡು ತಿಂಗಳು ಲೋಟ ತೊಳೆಯುವ ಮೋರಿಯಲ್ಲೇ ಇದ್ದೆವು. ಆದರೆ ಅಲ್ಲಿಗೂ ನಮ್ಮಲ್ಲಿಗೂ ಇರುವ ವ್ಯತ್ಯಾಸ ಹತ್ತನೇ ದಿನ ತಿಳಿಯಿತು. ಅಂದು ಶೆಫ್ ಅವನ ಮುಂದೆ ತಕ್ಕಡಿ ಇಟ್ಟು, 10 ಕಿಲೋ ನೀರುಳ್ಳಿ ಸುಲಿದ ಮೇಲೆ ಎಷ್ಟು ಉಳಿಯುತ್ತದೆ ಬರೆದು ಕೊಡು ಎಂದರಂತೆ. ಉಳಿದದ್ದು 8 ಕಿಲೋ 900 ಗ್ರಾಂ. ಆಲೂಗಡ್ಡೆ, ಹೂಕೋಸು, ಬಟಾಣಿ ಎಲ್ಲವನ್ನೂ ಹೀಗೆ ತೂಗಿಸಿದರು. ಇದಕ್ಕೆ ಯೀಲ್ಡ್ ಟೆಸ್ಟ್ ಎನ್ನುತ್ತಾರೆ. ತಂದ ತರಕಾರಿಯಲ್ಲಿ ಪಾತ್ರೆಗೆ ಬೀಳುವುದು ಎಷ್ಟು, ಕಸದ ಬುಟ್ಟಿಗೆ ಹೋಗುವುದು ಎಷ್ಟು ಎಂಬ ಲೆಕ್ಕ.

ವಾರದ ರಜೆಯಲ್ಲಿ ಹುಡುಗ ನಮ್ಮ ಹೋಟೆಲಿಗೆ ಬಂದು ಇದೇ ಪರೀಕ್ಷೆ ಮಾಡಿದ. ನಮ್ಮಲ್ಲಿ 10 ಕಿಲೋಗೆ 8 ಕಿಲೋ 300 ಗ್ರಾಂ ಮಾತ್ರ ಉಳಿಯಿತು. ನಮ್ಮ ಹುಡುಗರು ಬೇಗ ಮುಗಿಸಲು ಒಳಗಿನ ಒಂದು ಪದರವನ್ನೂ ಸೇರಿಸಿ ಎಳೆಯುತ್ತಿದ್ದರು. ನಮಗೆ ದಿನಕ್ಕೆ 25 ಕಿಲೋ ಬೇಕು. ಅಂದರೆ ದಿನಕ್ಕೆ ಒಂದೂವರೆ ಕಿಲೋ ಬುಟ್ಟಿಗೆ. ಕಿಲೋಗೆ 30 ರೂಪಾಯಿ ಹಿಡಿದರೂ ತಿಂಗಳಿಗೆ 1,350 ರೂಪಾಯಿ. ಇದು ದೊಡ್ಡ ಮೊತ್ತವಲ್ಲ, ಇದರಿಂದ ಯಾರೂ ಬಂಗಲೆ ಕಟ್ಟುವುದಿಲ್ಲ. ಆದರೆ 36 ವರ್ಷ ಈ ಕಸುಬಿನಲ್ಲಿದ್ದು ನಮಗೆ ಈ ಅಂಕೆ ಗೊತ್ತಿರಲಿಲ್ಲ ಎಂಬುದು ಮನಸ್ಸಿಗೆ ತಾಗಿತು.

ಇನ್ನೊಂದು ದಿನ ಜೇಬಿನಿಂದ ಪೆನ್ನಿನಂಥ ಥರ್ಮಾಮೀಟರ್ ತೆಗೆದು ನಮ್ಮ ಸಾಂಬಾರಿನ ಪಾತ್ರೆಗೆ ಅದ್ದಿದ. ಮಧ್ಯಾಹ್ನ 3 ಗಂಟೆ. 48 ಡಿಗ್ರಿ ತೋರಿಸಿತು. ಸೌಟು ಹಾಕಿದರೆ ಹಬೆ ಏಳುತ್ತಿತ್ತು, ನಾವು ಅದನ್ನು ಬಿಸಿ ಎಂದೇ ನಂಬಿದ್ದೆವು. ಅವನಿಗೆ ಅಲ್ಲಿ ಪ್ರತಿ ವಾರ ಶುಚಿತ್ವದ ತರಗತಿ ಇತ್ತು. ಅಲ್ಲಿ ಕಲಿಸಿದ್ದು ಇದು: 5 ಡಿಗ್ರಿ ಮತ್ತು 60 ಡಿಗ್ರಿಗಳ ನಡುವೆ ರೋಗಾಣು ಬೇಗ ಬೆಳೆಯುತ್ತದೆ. ಬಿಸಿ ಪದಾರ್ಥ 60ಕ್ಕೆ ಮೇಲಿರಬೇಕು, ತಣ್ಣನೆಯದು 5ಕ್ಕೆ ಕೆಳಗಿರಬೇಕು. ನಡುವಿನಲ್ಲಿ ಗಂಟೆಗಟ್ಟಲೆ ಇಡಬಾರದು. ಅನ್ನದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ರೋಗಾಣುವಿನ ಬೀಜಕಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಬೆಂದ ಅನ್ನ ಬೆಚ್ಚಗೆ ಹೊರಗೆ ಕೂತರೆ ಅವು ಮೊಳೆತು ವಿಷ ಮಾಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ನಮ್ಮಲ್ಲಿ ರಾತ್ರಿ ಉಳಿದ ಅನ್ನವನ್ನು ದೊಡ್ಡ ಪಾತ್ರೆಯಲ್ಲೇ ಮುಚ್ಚಿ, ಬೆಳಿಗ್ಗೆ ಚಿತ್ರಾನ್ನಕ್ಕೆ ಎಂದು ಇಡುವ ರೂಢಿ ಇತ್ತು. ಈಗ ನಿಲ್ಲಿಸಿದ್ದೇವೆ. ದೋಸೆಯ ಆಲೂಗಡ್ಡೆ ಪಲ್ಯವನ್ನೂ ಅಗಲ ತಟ್ಟೆಗಳಲ್ಲಿ ತೆಳುವಾಗಿ ಹರಡಿ, ಬಿಸಿ ಇಳಿದ ಕೂಡಲೇ ಫ್ರಿಜ್ಜಿಗೆ ಹಾಕುತ್ತೇವೆ. ಪಾತ್ರೆ ಆಳವಿದ್ದರೆ ನಡುವಿನ ಪಲ್ಯ ಎಷ್ಟೋ ಹೊತ್ತು ಬೆಚ್ಚಗೇ ಇರುತ್ತದೆ.

ಹಸಿ ಮಾಂಸಕ್ಕೆ ಕೆಂಪು, ಮೀನಿಗೆ ನೀಲಿ, ತರಕಾರಿಗೆ ಹಸಿರು ಎಂದು ಕೊಚ್ಚುವ ಹಲಗೆಗಳು ಬೇರೆ ಬೇರೆ. ಪ್ರತಿ ಡಬ್ಬಿಯ ಮೇಲೆ ಮಾಡಿದ ದಿನ, ಬಳಸಬೇಕಾದ ಕೊನೆಯ ದಿನ. ಔತಣದ ಪ್ರತಿ ಪದಾರ್ಥದ ಸ್ವಲ್ಪ ಮಾದರಿಯನ್ನು 72 ಗಂಟೆ ಕಾಪಾಡುವುದು, ನಾಳೆ ಯಾರಾದರೂ ಹೊಟ್ಟೆನೋವು ಎಂದರೆ ಪರೀಕ್ಷೆಗೆ ಇರಲಿ ಎಂದು. ಹಲಗೆಯ ಮಾತು ನಮ್ಮ ಶುದ್ಧ ಶಾಕಾಹಾರಿ ಹೋಟೆಲುಗಳಿಗೆ ಅಷ್ಟು ಬೇಡ. ಮಾದರಿ ಇಡುವ ಪದ್ಧತಿಯನ್ನು ಮದುವೆ ಕೇಟರಿಂಗ್ ಮಾಡುವ ನಮ್ಮ ಸದಸ್ಯರು ಖಂಡಿತ ಹಿಡಿಯಬಹುದು.

ಆದರೆ ಹುಡುಗನಿಗೆ ಅತಿ ಹೆಚ್ಚು ಕಲಿಸಿದವರು ಶೆಫ್ ಅಲ್ಲ. ಆ ಅಡುಗೆಮನೆಯಲ್ಲಿ ನಮ್ಮ ಕಡೆಯವರೇ ಒಬ್ಬರು ಹಿರಿಯ ಅಡುಗೆಯವರು ಇದ್ದರು. ಚಾಕು ಹಿಡಿಯುವುದು, ಒಗ್ಗರಣೆಯ ವಾಸನೆಯಿಂದಲೇ ಎಣ್ಣೆಯ ಕಾವು ತಿಳಿಯುವುದು, ಒಂದೇ ಹೊತ್ತಿಗೆ ಮೂರು ಒಲೆ ನೋಡಿಕೊಳ್ಳುವುದು, ಇದೆಲ್ಲ ಅವರಿಂದಲೇ. ಅವರು ಮೊದಲು ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ 11 ವರ್ಷ ಕೆಲಸ ಮಾಡಿದ್ದರಂತೆ. ಈ ದೊಡ್ಡ ಹೋಟೆಲಿಗೆ ಅರ್ಜಿ ಹಾಕಿದಾಗ ಅನುಭವದ ಪತ್ರ ಕೇಳಿದರು. ಒಂದು ಚೀಟಿಯೂ ಇರಲಿಲ್ಲ. ನಮ್ಮವರು ಯಾರೂ ಕೊಟ್ಟಿರಲಿಲ್ಲ, ಅವರೂ ಕೇಳಿರಲಿಲ್ಲ. ಹಾಗಾಗಿ 11 ವರ್ಷ ದೋಸೆ ತವಾದ ಮುಂದೆ ನಿಂತವರನ್ನು ಕೆಳಗಿನ ಕಮಿ ದರ್ಜೆಗೆ, ಹೊಸಬರ ಸಂಬಳಕ್ಕೆ ಸೇರಿಸಿಕೊಂಡರು. ಹುಡುಗ ಇದನ್ನು ಒಂದು ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದುಕೊಂಡಿದ್ದಾನೆ. ಸಹಿ ಮಾಡಿದವರು ಓದಿದರೋ ಇಲ್ಲವೋ.

ಅಕ್ಟೋಬರ್ 29ರ ಪುಟ

ದೀಪಾವಳಿಯ ವಾರ ಕಂಪನಿಗಳ ಔತಣಗಳು ಸಾಲು ಸಾಲು. ಹುಡುಗ ಮೂರು ದಿನ ದಿನಕ್ಕೆ 13-14 ಗಂಟೆ ನಿಂತಿದ್ದ. ಮೂರನೇ ದಿನ, 28ರ ರಾತ್ರಿ, ಎಣ್ಣೆಯ ಬಾಣಲೆ ಸರಿಸುವಾಗ ಎಡ ಮುಂಗೈ ಸುಟ್ಟುಕೊಂಡ. ಹೋಟೆಲಿನ ಡಾಕ್ಟರ್ ಮುಲಾಮು ಹಚ್ಚಿ ಮನೆಗೆ ಕಳಿಸಿದರು. 29 ಮತ್ತು 30ರಂದು ಅವನು ಹೋಗಲಿಲ್ಲ, ಫೋನ್ ಮಾಡಿ ತಿಳಿಸಿದ್ದ. ವಿಭಾಗದ ವರದಿಯಲ್ಲಿ ಅವನ ಹೆಸರಿನ ಮುಂದೆ ಬಂದದ್ದು: ಕೆಲಸ ತೃಪ್ತಿಕರ, ಹಾಜರಿ ಅನಿಯಮಿತ.

ಸುಟ್ಟ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅವನು ಆ ಮಾತು ಓದಿದ. ಅಳಲಿಲ್ಲ. "ಮಾವ, ನೀರುಳ್ಳಿ 40 ಕಿಲೋ ಸುಲಿದಾಗ ನಾನು ಕೆಲಸಗಾರ. ಕೈ ಸುಟ್ಟಾಗ ನಾನು ವಿದ್ಯಾರ್ಥಿ" ಎಂದ. ಅಕ್ಕನಿಗೆ ವಿಷಯ ತಿಳಿದು ಫೋನಿನಲ್ಲಿ ನಮ್ಮನ್ನೇ ಬೈದಳು. ನಮಗೂ ಸಿಟ್ಟು ಬಂದಿತ್ತು. ಅಷ್ಟು ದೊಡ್ಡ ಕಂಪನಿ, ಒಂದು ಹುಡುಗನಿಗೆ ಇಷ್ಟು ನ್ಯಾಯ ಇಲ್ಲವೇ ಎಂದು ರಾತ್ರಿ ಗಲ್ಲಾ ಮುಚ್ಚುವಾಗ ನಮ್ಮ ಭಟ್ಟರ ಹತ್ತಿರ ಹೇಳಿಕೊಂಡೆವು.

ಭಟ್ಟರು ತಟ್ಟೆ ಒರೆಸುತ್ತಾ, "ಯಜಮಾನ್ರೇ, ನಮ್ಮಲ್ಲಿ ಹೋದ ವರ್ಷ ಗಣಪತಿ ಹೊತ್ತಿಗೆ ಒಬ್ಬ ಬಂದಿದ್ದನಲ್ಲ" ಎಂದರು. ಅಷ್ಟೇ ಹೇಳಿದರು.

ಬಂಧುಗಳೇ, ಈ ಲೇಖನ ಬರೆಯಲು ನಿಜವಾದ ಕಾರಣ ಅದು. 2023ರಲ್ಲಿ ಒಂದು ಖಾಸಗಿ ಕಾಲೇಜಿನವರು ಒಬ್ಬ ವಿದ್ಯಾರ್ಥಿಯನ್ನು ನಮ್ಮಲ್ಲಿಗೆ ಎಂಟು ವಾರದ ತರಬೇತಿಗೆ ಕಳಿಸಿದ್ದರು. ಸಂಬಳ ಕೊಡಬೇಕಾಗಿಲ್ಲ, ಊಟ ಕೊಟ್ಟರೆ ಸಾಕು ಎಂದರು. ನಮಗೆ ಸಂತೋಷವಾಯಿತು. ಸೆಪ್ಟೆಂಬರಿನಲ್ಲಿ ಗಣಪತಿ ಬಂತು. ನಮ್ಮ ಪಾರ್ಸೆಲ್ ಹುಡುಗರಲ್ಲಿ ಇಬ್ಬರು ಊರಿಗೆ ಹೋಗಿದ್ದರು. ಆ ಹುಡುಗನನ್ನು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಪಾರ್ಸೆಲ್ ಕಟ್ಟಲು ನಿಲ್ಲಿಸಿದೆವು. ಚಟ್ನಿ ಪೊಟ್ಟಣ, ಸಾಂಬಾರು ಪೊಟ್ಟಣ, ರಬ್ಬರ್ ಬ್ಯಾಂಡ್. ಒಂಬತ್ತನೇ ದಿನ ಅವನು ಬರಲಿಲ್ಲ. ಕಾಲೇಜಿನಿಂದ ಫೋನ್ ಬಂದಾಗ ನಾವು ಹೇಳಿದ್ದು, "ಹುಡುಗ ಸರಿ ಇಲ್ಲ, ರೆಗ್ಯುಲರ್ ಬರುವುದಿಲ್ಲ". ಆ ಒಂಬತ್ತು ದಿನದಲ್ಲಿ ಅವನಿಗೆ ನಾವು ಒಂದು ದೋಸೆ ಹುಯ್ಯಲೂ ಬಿಟ್ಟಿರಲಿಲ್ಲ.

ದೊಡ್ಡ ಹೋಟೆಲಿನ ಅಧಿಕಾರಿ ಇಂಗ್ಲಿಷ್‌ನಲ್ಲಿ ಬರೆದ, ನಾವು ಹಿಂದಿಯಲ್ಲಿ ಹೇಳಿದೆವು. ಮಾತು ಒಂದೇ.

ಮರುದಿನ ಕಾಲೇಜಿಗೆ ಫೋನ್ ಮಾಡಿದೆವು. ಆ ವಿದ್ಯಾರ್ಥಿಗೆ ತರಬೇತಿಯ ಅಂಕ ಸಿಗದೆ, ಮುಂದಿನ ವರ್ಷ ಬೇರೆ ಕಡೆ ಮತ್ತೆ ತರಬೇತಿ ಮಾಡಬೇಕಾಯಿತು ಎಂದು ತಿಳಿಯಿತು. ತಪ್ಪು ನಮ್ಮದು ಎಂದು ಲೆಟರ್‌ಹೆಡ್‌ನಲ್ಲಿ ಬರೆದು ಕೊಟ್ಟೆವು. ಅವರು ಫೈಲಿಗೆ ಸೇರಿಸಿಕೊಂಡರು. ಹುಡುಗನ ನಂಬರ್ ಪಡೆದು ಅವನಿಗೂ ಫೋನ್ ಮಾಡಿದೆವು. "ಇರಲಿ ಸರ್, ಈಗ ಕೆಲಸದಲ್ಲಿದ್ದೇನೆ" ಎಂದು ಇಟ್ಟುಬಿಟ್ಟ.

ಎರಡು ಶಾಲೆಗಳು, ನಡುವೆ ಒಂದೇ ಸ್ಟೇಷನ್

ದಾದರಿನ ಕೇಟರಿಂಗ್ ಕಾಲೇಜು ಶುರುವಾದದ್ದು 1954ರಲ್ಲಿ. ಅದಕ್ಕಿಂತ 12 ವರ್ಷ ಮೊದಲೇ, 1942ರಲ್ಲಿ, ಎ. ರಾಮ ನಾಯಕರು ಮಾಟುಂಗಾ ಸ್ಟೇಷನ್ ಎದುರು ಊಟದ ಮನೆ ತೆರೆದಿದ್ದರು. ದಾದರ್ ಬಿಟ್ಟರೆ ಮುಂದಿನ ಸ್ಟೇಷನ್ ಮಾಟುಂಗಾ. ಒಂದು ಕಡೆ ಪುಸ್ತಕ ಹಿಡಿದು ಹೋಟೆಲ್ ಕಲಿಸಿದರು, ಇನ್ನೊಂದು ಕಡೆ ಬಾಳೆ ಎಲೆ ಹಾಕಿ ಕಲಿಸಿದರು. ಆ ಪುಸ್ತಕದವರಿಗೆ ತರಬೇತಿ ಎಂದರೆ ತಾರೆ ಇರುವ ಹೋಟೆಲು. ನಮ್ಮ ಹೋಟೆಲು ಹಿತ್ತಲ ಗಿಡ, ಮದ್ದಲ್ಲ. ತಪ್ಪು ಅವರದು ಮಾತ್ರ ಅಲ್ಲ. ಇಲ್ಲಿ ಏನು ಕಲಿಸುತ್ತೇವೆ ಎಂದು ನಾವು ಎಂದೂ ಬರೆದು ತೋರಿಸಲಿಲ್ಲ.

ಹಿಂದೆ ನಮ್ಮಲ್ಲಿ ಕಲಿಯುವ ದಾರಿ ಒಂದೇ. ಊರಿನಿಂದ ಸಣ್ಣ ಹುಡುಗ ಬರಬೇಕು, ಮೋರಿಯಿಂದ ಟೇಬಲ್ಲಿಗೆ, ಟೇಬಲ್ಲಿನಿಂದ ಒಳಗೆ, ಒಳಗಿನಿಂದ ಗಲ್ಲಾಕ್ಕೆ. ಹಗಲು ಕೆಲಸ, ಸಂಜೆ ಕನ್ನಡ ರಾತ್ರಿಶಾಲೆ. 10 ಅಕ್ಟೋಬರ್ 2006ರಿಂದ ಹೋಟೆಲುಗಳಲ್ಲಿ 14 ವರ್ಷದ ಒಳಗಿನ ಮಕ್ಕಳನ್ನು ದುಡಿಸಬಾರದು ಎಂದು ಕಾನೂನು ಬಂತು. ಬಂದದ್ದು ಒಳ್ಳೆಯದೇ ಆಯಿತು, ಮಕ್ಕಳು ಶಾಲೆಗೆ ಹೋಗಲಿ. ಆದರೆ ಆ ಹಳೆಯ ದಾರಿ ಮುಚ್ಚಿದ ಮೇಲೆ ಹೊಸ ದಾರಿಯನ್ನು ನಾವು ಕಟ್ಟಲಿಲ್ಲ. ಈಗ ಎಲ್ಲರೂ ಅಡುಗೆಯವರು ಸಿಗುವುದಿಲ್ಲ ಎನ್ನುತ್ತೇವೆ.

ತರಬೇತಿ ಮುಗಿದ ದಿನ ಅಳಿಯನನ್ನು ಕೇಳಿದೆವು, ಓದು ಮುಗಿಸಿ ನಮ್ಮ ಹೋಟೆಲಿಗೆ ಬರುತ್ತೀಯಾ ಎಂದು. ನಮಗೆ ಆ ಆಸೆ ಅವನು ಕಾಲೇಜಿಗೆ ಸೇರಿದ ದಿನದಿಂದ ಇತ್ತು. ಅವನು ಸ್ವಲ್ಪ ಯೋಚಿಸಿ ಹೇಳಿದ: "ಮಾವ, ಅಲ್ಲಿ ಮೊದಲು ಕಮಿ, ಆಮೇಲೆ ಶೆಫ್ ದ ಪಾರ್ಟಿ, ಆಮೇಲೆ ಸೂ ಶೆಫ್. ಯಾವಾಗ ಏನು ಆಗುತ್ತೇನೆ ಎಂದು ಗೊತ್ತು. ನಿಮ್ಮಲ್ಲಿ ನಾನು ಏನು ಆಗುವುದು? ಇವತ್ತೂ ಮಾಲೀಕರ ಅಳಿಯ, ಹತ್ತು ವರ್ಷ ಆದರೂ ಮಾಲೀಕರ ಅಳಿಯ." ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಆದರೆ ಅವನಲ್ಲೂ ಒಂದು ಕೊರತೆ ಕಂಡೆವು. ನೀರುಳ್ಳಿಯ ಯೀಲ್ಡ್ ಗ್ರಾಂ ಲೆಕ್ಕದಲ್ಲಿ ಹೇಳುವ ಹುಡುಗನಿಗೆ ನೀರುಳ್ಳಿಯ ದರ ಗೊತ್ತಿರಲಿಲ್ಲ. 17 ವಾರದಲ್ಲಿ ಒಂದು ಖರೀದಿ ಬಿಲ್ಲನ್ನೂ ಅವನು ನೋಡಿಲ್ಲ. ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬರುತ್ತದೆ, ಸಾದಾ ರೆಸ್ಟೋರೆಂಟಿಗೆ 5 ಶೇಕಡಾ ಜಿಎಸ್‌ಟಿ, ಆದರೆ ಇನ್‌ಪುಟ್ ಕ್ರೆಡಿಟ್ ಇಲ್ಲ ಎಂದರೆ ಏನು, ಮಳೆಗಾಲದ ಮಂಗಳವಾರ ಗಿರಾಕಿ ಯಾಕೆ ಇಳಿಯುತ್ತದೆ, ಇದಾವುದೂ ದೊಡ್ಡ ಅಡುಗೆಮನೆಯಲ್ಲಿ ನೀರುಳ್ಳಿ ಸುಲಿಯುವವನ ಕಣ್ಣಿಗೆ ಬೀಳುವುದಿಲ್ಲ. ನಮ್ಮಲ್ಲಿ ಬಿದ್ದೇ ಬೀಳುತ್ತದೆ. ಬೆಳಿಗ್ಗೆ 5ಕ್ಕೆ ವಾಶಿ ಮಾರ್ಕೆಟ್, 7ಕ್ಕೆ ಇಡ್ಲಿ ಪಾತ್ರೆ, ರಾತ್ರಿ 11ಕ್ಕೆ ಗಲ್ಲಾ ಲೆಕ್ಕ, ಎಲ್ಲ ಒಂದೇ ಮಾಡಿನ ಕೆಳಗೆ.

ಕಾನೂನಿನ ಎರಡು ಮಾತು

ಕಾಲೇಜಿನ ಓದಿನ ಭಾಗವಾಗಿ ಬರುವ ವಿದ್ಯಾರ್ಥಿ ಬೇರೆ, 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಒಪ್ಪಂದ ಮಾಡಿಕೊಂಡು ಬರುವ ಅಪ್ರೆಂಟಿಸ್ ಬೇರೆ. ವಿದ್ಯಾರ್ಥಿಯ ವಿಷಯದಲ್ಲಿ ಕಾಲೇಜಿನ ಪತ್ರದಲ್ಲಿರುವುದೇ ಕರಾರು. ಎಷ್ಟು ಗಂಟೆ, ಯಾವ ಕೆಲಸ, ಸ್ಟೈಪೆಂಡ್ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ.

ಅಪ್ರೆಂಟಿಸ್ ಕಾಯ್ದೆ 2014ರಲ್ಲಿ ತಿದ್ದುಪಡಿಯಾಯಿತು. 2019ರ ನಿಯಮಗಳ ಪ್ರಕಾರ 4 ಅಥವಾ ಹೆಚ್ಚು ಜನರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬಹುದು, 30 ಅಥವಾ ಹೆಚ್ಚು ಜನರಿದ್ದರೆ ಕಡ್ಡಾಯ. ಕೆಲಸಗಾರರ ಸಂಖ್ಯೆಯ ಶೇ. 2.5ರಿಂದ 15ರವರೆಗೆ. ಎರಡು ಮೂರು ಶಾಖೆ ಇರುವ ನಮ್ಮ ಸದಸ್ಯರಲ್ಲಿ ಅನೇಕರು ಈ 30ರ ಗೆರೆಯ ಮೇಲಿದ್ದಾರೆ, ತಮ್ಮ ಸಿ.ಎ.ಯವರನ್ನು ಒಮ್ಮೆ ಕೇಳುವುದು ಒಳ್ಳೆಯದು. ಅದೇ ನಿಯಮದಲ್ಲಿ ಸ್ಟೈಪೆಂಡ್ ಅನ್ನು ಓದಿಗೆ ತಕ್ಕಂತೆ 5,000ದಿಂದ 9,000 ರೂಪಾಯಿ ಎಂದು ಗೊತ್ತುಮಾಡಿದ್ದರು. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ ಶೇ. 25, ಗರಿಷ್ಠ 1,500 ರೂಪಾಯಿ, ಕೇಂದ್ರ ಸರ್ಕಾರ ಭರಿಸುವ ವ್ಯವಸ್ಥೆ ಮಾಡಿದರು. 2024ರ ಅಕ್ಟೋಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ದೇಶದ 500 ದೊಡ್ಡ ಕಂಪನಿಗಳಿಗೆ ಸಂಬಂಧಿಸಿದ್ದು, ನಮಗಲ್ಲ.

ಈಗ ನಾವು ಮಾಡುತ್ತಿರುವುದು

2025ರ ಜೂನ್‌ನಲ್ಲಿ ಅದೇ ಕಾಲೇಜಿಗೆ ಹೋಗಿ ಒಬ್ಬ ವಿದ್ಯಾರ್ಥಿಯನ್ನು ಕೇಳಿದೆವು. ಪ್ರಾಂಶುಪಾಲರು ನಮ್ಮ ಹಳೆಯ ಪತ್ರ ನೆನಪಿಟ್ಟಿದ್ದರು. ಮೊದಲು ಹಿಂಜರಿದರು, ಆಮೇಲೆ ಒಂದು ಹುಡುಗಿಯನ್ನು ಕಳಿಸಿದರು. ಎಂಟು ವಾರ, ದಿನಕ್ಕೆ 8 ಗಂಟೆ, ರಾತ್ರಿ 8ಕ್ಕೆ ಮೊದಲು ಮನೆಗೆ, ತಿಂಗಳಿಗೆ 5,000 ರೂಪಾಯಿ. ವಾರ ವಾರಕ್ಕೆ ಏನು ಕಲಿಸಬೇಕು ಎಂದು ಅಳಿಯನೇ ಕೂತು ಒಂದು ಹಾಳೆಯಲ್ಲಿ ಬರೆದು ಕೊಟ್ಟಿದ್ದ. ಮೊದಲ ವಾರ ಖರೀದಿ ಮತ್ತು ಉಗ್ರಾಣ, ಎರಡನೆಯದರಿಂದ ಹಿಟ್ಟು, ನಾಲ್ಕನೇ ವಾರ ತವಾ, ಹೀಗೆ. ಕೊನೆಯ ವಾರ ಗಲ್ಲಾ. ಗಲ್ಲಾ ತೋರಿಸುವುದಕ್ಕೆ ನಮ್ಮ ಪಾಲುದಾರರು ಒಪ್ಪಲಿಲ್ಲ, ಬಹಳ ಚರ್ಚೆಯಾಯಿತು. ಈಗಲೂ ಅವರಿಗೆ ಪೂರ್ತಿ ಸಮಾಧಾನವಿಲ್ಲ.

ಕಷ್ಟ ಬಂದದ್ದು ಹಿಟ್ಟಿನ ವಾರದಲ್ಲಿ. ಭಟ್ಟರು ಉದ್ದು ಒಂದಕ್ಕೆ ಅಕ್ಕಿ ಮೂರು ಎನ್ನುತ್ತಾರೆ, ಆದರೆ ನೀರು ಹಾಕುವುದು ಕೈ ಅಂದಾಜಿನಲ್ಲಿ. ಹುಡುಗಿ ಪ್ರತಿ ಸಲ ಅವರು ಹಾಕಿದ ನೀರನ್ನು ಲೋಟದಿಂದ ಅಳೆದು ಬರೆದಳು. ಹೊಸ ಉದ್ದಿಗೆ ಒಂದು ಅಳತೆ, ಹಳೆಯದಕ್ಕೆ ಇನ್ನೊಂದು. ಮೇ ತಿಂಗಳಲ್ಲಿ ಆರೇಳು ಗಂಟೆಗೆ ಉಕ್ಕುವ ಹಿಟ್ಟು ಜನವರಿಯಲ್ಲಿ ಹನ್ನೆರಡು ಗಂಟೆ ಬೇಡುತ್ತದೆ ಎಂದು ಭಟ್ಟರು ಹೇಳಿದ್ದನ್ನೂ ಬರೆದುಕೊಂಡಳು. ಮೊದಲು ಭಟ್ಟರಿಗೆ ಸಿಟ್ಟು ಬಂತು. "ನನ್ನ ಕೈಯನ್ನು ಲೋಟದಲ್ಲಿ ಅಳೆಯುತ್ತಾಳೆ" ಎಂದು ಗೊಣಗಿದರು. ಒಂದು ವಾರ ಕಳೆದ ಮೇಲೆ ಅವರೇ ಕರೆದು, "ಮಗಾ, ಇವತ್ತಿನದ್ದು ಬರೆದೆಯಾ?" ಎಂದು ಕೇಳತೊಡಗಿದರು.

ಆ ದೊಡ್ಡ ಹೋಟೆಲಿನ ಹಿರಿಯರ ಕಥೆ ಕೇಳಿದ ಮೇಲೆ ನಮ್ಮ ಕೆಲಸಗಾರರಿಗೂ ಒಂದು ಪತ್ರ ಕೊಡಲು ಶುರುಮಾಡಿದ್ದೇವೆ. ಹೆಸರು, ಸೇರಿದ ದಿನ, ಬಲ್ಲ ಕೆಲಸ, ನಮ್ಮ ಸಹಿ. ಪತ್ರ ಕೊಟ್ಟರೆ ಬಿಟ್ಟು ಹೋಗುತ್ತಾರೆ ಎಂದು ಕೆಲವು ಮಿತ್ರರು ಎಚ್ಚರಿಸಿದರು. ಇಬ್ಬರು ಹೋದರು. ಒಬ್ಬ ಪುಣೆಯಿಂದ ಅವನ ತಮ್ಮನನ್ನು ನಮ್ಮಲ್ಲಿಗೆ ಕಳಿಸಿದ.

ಹುಡುಗಿಯ ಲಾಗ್ ಬುಕ್ಕಿಗೆ ಸಹಿ ಮಾಡುವುದು ಯಾರು ಎಂಬ ಪ್ರಶ್ನೆ ಬಂದಾಗ ನಾವು ಭಟ್ಟರಿಗೇ ಪೆನ್ನು ಕೊಟ್ಟೆವು. ಕಲಿತದ್ದು ಎಂಬ ಅಂಕಣ ಖಾಲಿ ಇದ್ದರೆ ಸಹಿ ಹಾಕಬೇಡಿ ಎಂದಷ್ಟೇ ಹೇಳಿದೆವು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಸಹಿ ಮಾಡಿದರು. ಎರಡು ದಿನ ಮಾಡಲಿಲ್ಲ, ಆ ಎರಡು ದಿನ ಅವಳನ್ನು ನಾವು ಪಾರ್ಸೆಲ್ಲಿಗೆ ನಿಲ್ಲಿಸಿದ್ದೆವು. ಕಾಲೇಜಿನವರು ಆ ಎರಡು ಪುಟ ನೋಡಿ ನಮಗೆ ಫೋನ್ ಮಾಡಿದರು, ಉತ್ತರ ಹೇಳಿದೆವು.

ವಾರದ ಪಟ್ಟಿ ಮತ್ತು ಅನುಭವ ಪತ್ರದ ನಮೂನೆ ಬೇಕಾದ ಸದಸ್ಯರು ನಮ್ಮ ಹೋಟೆಲಿಗೆ ಬಂದು ಪ್ರತಿ ತೆಗೆದುಕೊಳ್ಳಬಹುದು. ಮಧ್ಯಾಹ್ನ 3ರಿಂದ 5ರ ನಡುವೆ ಬನ್ನಿ, ಆಗ ಗಲ್ಲಾದಲ್ಲಿ ಗಲಾಟೆ ಕಡಿಮೆ.